ಕೊನೆಯ ಪುಟದಲ್ಲಿ ನನ್ನ ಹೆಸರು

ನನಗೆ ಮರೆವಿಲ್ಲ. ಇದನ್ನು ನಾನು ಗುಣವೆಂದೂ ನನ್ನ ಮನೆಯವರು ಕಾಯಿಲೆಯೆಂದೂ ಪರಿಗಣಿಸಿದ್ದೇವೆ. ಜೂಜುವಾಡಿಯ ಒಂದು ಮದುವೆಯಲ್ಲಿ ನನ್ನ ಎಲೆಯೊಂದನ್ನೇ ಬಿಟ್ಟು ಅಕ್ಕಪಕ್ಕದವರಿಗೆಲ್ಲ ಒಬ್ಬಟ್ಟು ಬಡಿಸಿಕೊಂಡು ಹೋದವನ ಅಂಗಿ ನೀಲಿಯದು. ಎರಡನೆಯ ಗುಂಡಿ ಕಿತ್ತುಹೋಗಿತ್ತು. ಆ ಮದುಮಗನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇಂಥ ನೆನಪಿನ ಮನುಷ್ಯ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಸಂಶೋಧನೆಗೆ ನಿಂತರೆ ವಿದ್ವತ್ ಲೋಕಕ್ಕೆ ಲಾಭವೇ ಸರಿ ಎಂದು ನಾನು ನಂಬಿದ್ದೆ.

ನನ್ನ ವಿಷಯ ಹೊಸೂರು ಸೀಮೆಯ ರಾಗಿ ಕಣದ ಮಾತುಗಳು. ನನಗಿಂತ ಮೊದಲು ಈ ಬಗ್ಗೆ ಯಾರು ಏನು ಬರೆದಿದ್ದಾರೆಂಬ ಸಮೀಕ್ಷೆಯೇ ಮೊದಲ ಅಧ್ಯಾಯವಾಗಬೇಕಿತ್ತು. ಮಾರ್ಗದರ್ಶಿ ಶಶಿಕಲಾ ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಆಕೆ ಕ್ರಮ ಹೇಳಿಕೊಟ್ಟಳು: "ಮೊದ್ಲು ಸಾರಾಂಶ ಓದಿ ಸಾರ್, ಆಮೇಲೆ ಕೊನೆ ನೋಡಿ. ನಮ್ಗೆ ಬೇಡಾಂದ್ರೆ ಬಿಟ್ಬುಡಿ. ಬೇಕಾದ್ರೆ ಏನ್ ಹೇಳೌರೆ, ಏನ್ ಬಿಟ್ಟೌರೆ, ಎರಡೇ ಸಾಲು ಬರ್ಕೊಳ್ಳಿ."

ನಾನು ಇದಕ್ಕಿಂತ ತ್ವರಿತವಾದ ಕ್ರಮವನ್ನು ಕಂಡುಹಿಡಿದೆ. ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಂಡು, ಪ್ರತಿ ಲೇಖನದ ಕೊನೆಯ ಪುಟವನ್ನೇ ಮೊದಲು ತೆರೆದೆ. ಕಣದ ಮಾತುಗಳ ಮೇಲೆ ಸ್ಮರಣ ಸಂಚಿಕೆಯೊಂದರಲ್ಲಿ ನಾನು ಹಿಂದೆಯೇ ಬರೆದಿದ್ದೇನೆ. ಆಧಾರಗಳ ಪಟ್ಟಿಯಲ್ಲಿ ನನ್ನ ಹೆಸರಿಲ್ಲದಿದ್ದರೆ ಆ ಲೇಖಕನ ಚೀಟಿ 'ದ್ರೋಹಿಗಳು' ಎಂಬ ಕಂತೆಗೆ. ಒಂದೇ ಬೆಳಗಿನಲ್ಲಿ ನಲವತ್ತೊಂದು ಲೇಖನಗಳು ಮುಗಿದವು. ಎಲ್ಲವೂ ಅದೇ ಕಂತೆಗೆ ಹೋದವು.

ಆ ಕಂತೆಯಿಂದಲೇ ನಾನು ಬರೆದ ಅಧ್ಯಾಯವನ್ನು ಓದಿದ ಶಶಿಕಲಾ ಕನ್ನಡಕ ತೆಗೆದಿಟ್ಟಳು. "ಸಾರ್, ಇದು ಸಮೀಕ್ಷೆ ಅಲ್ಲ, ಚಾರ್ಜ್‌ಶೀಟು. ಸೋಮ್ವಾರ ಕಮಿಟಿ ಐತೆ. ಇದನ್ನೇ ಕೊಟ್ರೆ ನಿಮ್ ರಿಜಿಸ್ಟ್ರೇಶನ್ ರದ್ದಾಗೋಯ್ತದೆ." ಬಾಗಿಲವರೆಗೆ ಬಂದು ಸೇರಿಸಿದಳು: "ಪುಸ್ತಕಕ್ಕೆ ರಟ್ಟು ಹಾಕಿಲ್ಲಾಂತ ನನ್ನ ಆಚೆ ನಿಲ್ಸಿದ್ರಿ. ನಾನು ನಿಮ್ಮನ್ನ ಕುಂಡ್ರಿಸಿಯೇ ಹೇಳ್ತಿದ್ದೀನಿ, ನೋಡಿ."

ಛಲ ಹಿಡಿದು ಕುಳಿತೆ. ನಲವತ್ತೊಂದನ್ನೂ ಆಕೆಯ ಕ್ರಮದಲ್ಲೇ ಓದಿದೆ. ಒಪ್ಪಲು ಸಂಕಟವಾದರೂ ಹೇಳುತ್ತೇನೆ, ದ್ರೋಹಿಗಳಲ್ಲಿ ಕೆಲವರು ಚೆನ್ನಾಗಿಯೇ ಬರೆದಿದ್ದರು. ಬೇಡವಾದವರನ್ನು ದ್ವೇಷವಿಲ್ಲದೆ ಬಿಟ್ಟೆ, ಬೇಕಾದವರಿಗೆ ಎರಡೆರಡು ಸಾಲು ಕೊಟ್ಟೆ, ಕಂತೆ ಬರಿದಾಯಿತು. ಭಾನುವಾರ ಉಳಿದದ್ದು ಒಂದೇ ಲೇಖನ, ನನ್ನದು. ಆ ಹೊತ್ತಿಗೆ ಗುಮ್ಮಳಾಪುರದಿಂದ ಅಕ್ಕ ಬಂದಿದ್ದಳು. ಮೆಚ್ಚಲಿ ಎಂದು ಗಟ್ಟಿಯಾಗಿ ಓದಿದೆ.

"ಇವೆಲ್ಲಾ ನಾನೇಳಿದ್ ಮಾತಲ್ವೇನ್ಲಾ? ಕಣ ಬಳಿಯೋವಾಗ ಪಕ್ದಲ್ಲಿ ಕುಂತ್ಕೊಂಡು ಬರ್ಕೋತಿದ್ದೆ."

"ಹೌದಕ್ಕ."

"ಕೊನೇಲಿ ಯಾರ್ಯಾರ್ಗೋ ವಂದ್ನೆ ಏಳಿದ್ದೀಯ. ಅಚ್ಚಾಕ್ದೋನ್ ಎಸ್ರೂ ಐತೆ. ನನ್ದೆಲ್ಲಿ?"

ಕೊನೆಯ ಪುಟವನ್ನು ಹಿಂದೆ ಮುಂದೆ ತಿರುಗಿಸಿದೆ. ಇರಲಿಲ್ಲ.

"ಓಗ್ಲಿ ಬುಡ್ಲಾ," ಎಂದು ಅಕ್ಕ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. "ಏಳಿಕೊಟ್ಟಿದ್ದೇ ನಂಗೆ ಮರ್ತೋಗಿತ್ತು."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ನನ್ನಲ್ಲಿ ಉತ್ತರಗಳ ಕೊರತೆಯಿಲ್ಲ. ಮರೆತವಳಿಗೆ ಏನು ಹೇಳುವುದು? ನನ್ನ ಲೇಖನಕ್ಕೂ ಒಂದು ಚೀಟಿ ತೆಗೆದುಕೊಂಡು ಎರಡು ಸಾಲು ಬರೆದೆ. ಹೇಳಿದ್ದು: ಕಣದ ಮಾತುಗಳು. ಬಿಟ್ಟದ್ದು: ಹೇಳಿಕೊಟ್ಟವಳನ್ನು. ಅಧ್ಯಾಯದ ಮೊದಲ ವಾಕ್ಯವನ್ನು ಅಕ್ಕನ ಹೆಸರಿನಿಂದ ಆರಂಭಿಸಿದೆ.

ಸೋಮವಾರ ಕಮಿಟಿ ಅಧ್ಯಾಯವನ್ನು ಒಪ್ಪಿತು. ದ್ರೋಹಿಗಳ ಕಂತೆಯಲ್ಲಿ ಈಗ ಒಂದೇ ಚೀಟಿಯಿದೆ, ನನ್ನದು; ಅದಕ್ಕೆ ದಾರ ಕಟ್ಟುವುದು ಹೇಗೆಂದು ತಿಳಿಯದೆ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಆ ನೀಲಿ ಅಂಗಿಯವನನ್ನೂ ಕ್ಷಮಿಸಬೇಕೆಂದು ಅನ್ನಿಸುತ್ತಿದೆ. ಆದರೆ ಅವನು ಮರೆತು ಮುಂದೆ ಹೋದನೋ, ನೋಡಿಯೇ ಹೋದನೋ ಎಂಬುದನ್ನು ಮೊದಲು ಪರಿಶೀಲಿಸಬೇಕು.