ಹುಳಿಯಾಗದ ಮೊಸರು

ಹೋದ ಬೇಸಿಗೆಯ ಒಂದು ಮದುವೆಯಲ್ಲಿ ಒಂದೇ ಒಂದು ಕುಡಿಕೆ ಮೊಸರು ಹುಳಿ ಬಂದಿತ್ತು, ಅಷ್ಟೆ. ಆದರೆ ಆ ಕುಡಿಕೆ ಹೋಗಿ ಕೂತದ್ದು ಗಂಡಿನ ಕಡೆಯ ಅಪ್ಪಯ್ಯಣ್ಣನ ಎಲೆಯ ಪಕ್ಕದಲ್ಲಿ. ಅಪ್ಪಯ್ಯಣ್ಣ ಮುಖ ಸಿಂಡರಿಸಿ, ಎಲೆ ಬಿಟ್ಟು ಎದ್ದುಬಿಟ್ಟ. ಅಂದಿನಿಂದ ದೊಡ್ಡಬಳ್ಳಾಪುರದ ಅಡುಗೆ ಕಂಟ್ರಾಕ್ಟರ್ ರಾಮಾಂಜಿನಪ್ಪನವರಿಗೆ 'ಹುಳಿ ಮೊಸರು' ಎಂದೇ ಹೆಸರು. ಅವರು ವರ್ಷಗಟ್ಟಲೆ ಬಡಿಸಿದ ಒಬ್ಬಟ್ಟನ್ನು ಜನ ಮರೆತರು. ಹುಳಿಯನ್ನು ಮರೆಯಲಿಲ್ಲ. ಜನ ಇರುವುದೇ ಹಾಗೆ.

ಈ ಹುಳಿಯಿಂದಲೂ ಒಂದು ಸಿಹಿ ತೆಗೆಯಬಹುದು ಎಂದು ಲೆಕ್ಕ ಹಾಕಿದವನು ಬೈರೇಶ್ ಒಬ್ಬನೇ. ಅವನ ಹತ್ತಿರ ಹಣ್ಣು ತರಕಾರಿ ಸಾಗಿಸುವ ಒಂದು ಸಣ್ಣ ಕೂಲಿಂಗ್ ಗಾಡಿ ಇತ್ತು. ಮನಸ್ಸಿನಲ್ಲಿ ರಾಮಾಂಜಿನಪ್ಪನವರ ಮಗಳು ಚೈತ್ರ ಇದ್ದಳು. ಚೈತ್ರಳಿಗೂ ಅವನೆಂದರೆ ಇಷ್ಟವೇ. ಅವಳಪ್ಪನಿಗೆ ಮಾತ್ರ ಗಾಡಿಯೂ ಹಿಡಿಸಿರಲಿಲ್ಲ, ಗಾಡಿಯವನೂ ಹಿಡಿಸಿರಲಿಲ್ಲ.

"ಅಣ್ಣ, ನಾಳೆ ದೇವನಹಳ್ಳಿ ಮದ್ವೆಗೆ ಮೊಸರು ನಾನ್ ತರ್ತೀನಿ. ಒಂದ್ ಕುಡಿಕೆ ಹುಳಿ ಬಂದ್ರೂ ಮೀಸೆ ಬೋಳಿಸ್ಕೋತೀನಿ," ಎಂದ ಬೈರೇಶ್.

"ನಿನ್ ಮೀಸೆ ತಗೊಂಡು ನಾನೇನ್ ಸಾರು ಮಾಡ್ಲಾ? ನಾಳೆ ಪಂಕ್ತೀಲಿ ಅದೇ ಅಪ್ಪಯ್ಯಣ್ಣ ಕೂತಿರ್ತಾನೆ. ಸಾಸಲಿಗೆ ಹೋಗು, ಮುತ್ತಮ್ಮ ಕುಡಿಕೆ ಕೊಡ್ತಾಳೆ. ಅವ್ಳು ಹೇಳ್ದಂಗೆ ಕೇಳು. ಹುಳಿ ಇಲ್ದಂಗೆ ತಂದ್ರೆ ಚೈತ್ರನ್ ವಿಷ್ಯ ಕೂತು ಮಾತಾಡಾಣ."

ಇಷ್ಟು ಮಾತಿನಲ್ಲಿ 'ಹೇಳ್ದಂಗೆ ಕೇಳು' ಎಂಬುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬೈರೇಶನ ಕಿವಿಗೆ ಬಿತ್ತು. ಯಾರು ಹೇಳಿದ್ದನ್ನೂ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೊಸಕೋಟೆ ಕಡೆಯ ಕೋಲ್ಡ್ ಸ್ಟೋರೇಜೊಂದರಲ್ಲಿ ಒಂದು ದಿನದ ಟ್ರೈನಿಂಗ್ ಮುಗಿಸಿ ಬಂದಿದ್ದ. ಅಲ್ಲಿ ಅವನಿಗೆ ಒಂದು ಟೋಪಿಯನ್ನೂ ಒಂದು ಮಂತ್ರವನ್ನೂ ಕೊಟ್ಟಿದ್ದರು: ನಾಲ್ಕು ಡಿಗ್ರಿ ದಾಟಬಾರದು, ದಾರಿಯಲ್ಲಿ ಬಾಗಿಲು ತೆರೆಯಬಾರದು. ಅಂದಿನಿಂದ ತಾಯಿ ಬಿಸಿ ಮುದ್ದೆ ತಟ್ಟೆಗಿಟ್ಟರೂ "ಎಷ್ಟ್ ಡಿಗ್ರಿ?" ಎಂದು ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಸಾಸಲಿನಲ್ಲಿದ್ದ. ಮುತ್ತಮ್ಮನ ಅಂಗಳದಲ್ಲಿ ಮಣ್ಣಿನ ಕುಡಿಕೆಗಳು ಬಾಯಿಗೆ ಕಾಗದ ಕಟ್ಟಿಸಿಕೊಂಡು ಕ್ರೇಟುಗಳಲ್ಲಿ ಶಿಸ್ತಾಗಿ ಕೂತಿದ್ದವು.

"ಲೇ ಬೈರೇಶ, ಒಂದ್ ಮಾತು ಕೇಳಿಲ್ಲಿ..." ಕೊನೆಯ ಕ್ರೇಟು ಗಾಡಿಗೇರುವಾಗ ಮುತ್ತಮ್ಮ ಶುರುಮಾಡಿದಳು.

"ಗೊತ್ತು ಬಿಡತ್ತೆ! ಒಳಗಿಟ್ಟು ಬಾಗ್ಲು ಹಾಕಿದ್ರೆ ದೇವನಹಳ್ಳೀಲೇ ತೆಗ್ಯೋದು. ನಾವು ಟ್ರೈನಿಂಗ್ ಆಗಿರೋರು."

"ಅದಲ್ಲ ಕಣೋ..." ಎನ್ನುವಷ್ಟರಲ್ಲಿ ಒಳಗೆ ಒಲೆಯ ಮೇಲಿನ ಹಾಲು ಉಕ್ಕಿತು. "ಇರು, ಬಂದೆ," ಎಂದು ಮುತ್ತಮ್ಮ ಒಳಗೆ ಓಡಿದಳು. ಅವಳು ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಗಾಡಿಯ ಧೂಳು ಮಾತ್ರ ಉಳಿದಿತ್ತು.

ಊರಾಚೆ, ಮುತ್ತಮ್ಮನ ಪಕ್ಕದ ಮನೆಯ ಮುನಿವೆಂಕಟಮ್ಮ ಗಾಡಿಗೆ ಅಡ್ಡ ನಿಂತಳು. ಅವಳೂ ಅದೇ ಮದುವೆಗೆ ಹೊರಟವಳು; ಕೈಯಲ್ಲಿ ಒಂದು ಬುಟ್ಟಿ ಕನಕಾಂಬರ.

"ಮಗಾ, ಹೂವು ಬಾಡ್ತದೆ. ಹಿಂದುಗಡೆ ತಣ್ಣಗೆ ಇಟ್ಬಿಡು."

"ಬಾಗ್ಲು ತೆಗೆಯಂಗಿಲ್ಲ ಚಿಕ್ಕಮ್ಮ."

"ಹಂಗಾದ್ರೆ ನನ್ನಾದ್ರೂ ಹಿಂದೆ ಕೂರ್ಸು. ಸೆಖೆ ತಡ್ಯಕಾಗಲ್ಲ."

ಕೊನೆಗೆ ಹೂವೂ ಅವಳೂ ಮುಂದಿನ ಸೀಟಿನಲ್ಲೇ ಕೂತರು. ಇಬ್ಬರೂ ದಾರಿಯುದ್ದಕ್ಕೂ ಬಾಡುತ್ತಾ ಬಂದರು. ಹೂವು ಸುಮ್ಮನೆ ಬಾಡಿತು, ಮುನಿವೆಂಕಟಮ್ಮ ಮಾತಾಡಿಕೊಂಡು ಬಾಡಿದಳು. ನಡುನಡುವೆ ಬೈರೇಶನ ಫೋನ್ ಹೊಡೆದುಕೊಳ್ಳುತ್ತಿತ್ತು. ಮುತ್ತಮ್ಮ.

"ಎತ್ತೋ, ಏನೋ ಹೇಳ್ತಾಳೆ."

"ಡ್ರೈವಿಂಗಲ್ಲಿ ಫೋನ್ ಎತ್ತಬಾರ್ದು. ಮಗಳ ಮನೆಗೆ ಉಪ್ಪಿನಕಾಯಿ ಇಟ್ಕೊಂಡ್ ಹೋಗು ಅಂತಾಳೆ, ಅಷ್ಟೇ. ಕೂಲಿಂಗ್ ಗಾಡಿ ಕಂಡ್ರೆ ಊರೋರಿಗೆಲ್ಲ ಒಂದೊಂದ್ ಡಬ್ಬಿ ನೆನಪಾಗ್ತದೆ!" ಎಂದು ಬೈರೇಶ್ ಫೋನನ್ನೇ ಆಫ್ ಮಾಡಿದ.

ದೊಡ್ಡಬಳ್ಳಾಪುರ ದಾಟುತ್ತಿದ್ದಂತೆ ಪೊಲೀಸಪ್ಪನೊಬ್ಬ ಕೈ ಅಡ್ಡ ಹಾಕಿದ. "ಹಿಂದೆ ಏನಿದೆ? ಬಾಗ್ಲು ತೆಗಿ."

ಬೈರೇಶ್ ಕೆಳಗೆ ಹಾರಿ, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ. "ಸಾರ್, ಒಳಗಿರೋದು ಮೊಸರಲ್ಲ, ನನ್ ಮದ್ವೆ! ತೆಗುದ್ರೆ ಕೆಟ್ಟೋಗ್ತದೆ!"

ಪೊಲೀಸಪ್ಪನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಆಗ ಮುನಿವೆಂಕಟಮ್ಮ ಇಳಿದು ಬಂದು, ಚೈತ್ರ, ಅಪ್ಪಯ್ಯಣ್ಣ, ಹೋದ ವರ್ಷದ ಹುಳಿ ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದಳು. ಕಥೆ ಹೆಣ್ಣು ನೋಡುವ ಶಾಸ್ತ್ರದವರೆಗೆ ಬರುವಷ್ಟರಲ್ಲಿ ಆತ ಕೈಮುಗಿದು "ಹೋಗಿ ತಾಯಿ," ಎಂದ. ಬಾಗಿಲು ಗೆದ್ದಿತು.

ಎರಡು ಮೈಲಿ ಹೋಗಿಲ್ಲ, 'ಪಟ್' ಎಂದು ಕೂಲಿಂಗ್ ಮೆಷಿನ್ನಿನ ಬೆಲ್ಟು ಕಿತ್ತುಹೋಯಿತು. ಮುಂದಿನ ಮೀಟರಿನಲ್ಲಿ ಅಂಕಿ ಐದಾಯಿತು, ಆರಾಯಿತು. ಸುತ್ತ ಬಟ್ಟಬಯಲು, ನೆತ್ತಿಯ ಮೇಲೆ ಸೂರ್ಯ. ಬೈರೇಶನ ಕಣ್ಣ ಮುಂದೆ ಚೈತ್ರ ಬೇರೆ ಯಾರದೋ ಪಕ್ಕ ಹಸೆಮಣೆ ಏರುತ್ತಿದ್ದಳು. ಅಳು ಬರುವಂತಾಯಿತು. ಅಷ್ಟರಲ್ಲಿ ಅವನ ಕಣ್ಣು ಮುನಿವೆಂಕಟಮ್ಮನ ಜಡೆಯ ಮೇಲೆ ಬಿತ್ತು. ಸೊಂಟ ದಾಟಿದ ಆ ಜಡೆಯಲ್ಲಿ ಅವಳದು ಒಂದು ಗೇಣು, ಮಿಕ್ಕಿದ್ದೆಲ್ಲ ಚೌರಿ.

"ಚಿಕ್ಕಮ್ಮ, ನಿಮ್ ಚೌರಿ ಕೊಡಿ!"

"ಥೂ ನಿನ್ನ! ಮದ್ವೆ ಮನೆಗೆ ಇಲಿಬಾಲ ಬಿಟ್ಕೊಂಡು ಹೋಗ್ಲಾ?"

"ನನ್ ಮದ್ವೆಗೆ ರೇಷ್ಮೆ ಸೀರೆ ಕೊಡಿಸ್ತೀನಿ!"

ಸೀರೆ ಎಂದ ಮೇಲೆ ಮಾತಿಲ್ಲ. ಚೌರಿಯನ್ನು ಹುರಿ ಹಾಕಿ, ಬೆಲ್ಟಿನ ಜಾಗಕ್ಕೆ ಬಿಗಿದು ಗಂಟು ಕಟ್ಟಿದ. ಮೆಷಿನ್ ಒಮ್ಮೆ ಕೆಮ್ಮಿ, ತಿರುಗಿತು. ಆರು ಐದಾಯಿತು, ಐದು ನಾಲ್ಕಾಯಿತು. ರಸ್ತೆಯ ಮಧ್ಯೆ ಬೈರೇಶ್ ಎರಡು ಹೆಜ್ಜೆ ಕುಣಿದೇಬಿಟ್ಟ.

ಛತ್ರ ತಲುಪುವಾಗ ಪಂಕ್ತಿಯಲ್ಲಿ ಅನ್ನ ಸಾರು ನಡೆಯುತ್ತಿತ್ತು. ಬಾಗಿಲು ತೆರೆದೊಡನೆ ತಣ್ಣನೆಯ ಹೊಗೆ ಹೊರಗೆ ಬಂತು. ರಾಮಾಂಜಿನಪ್ಪನವರು ಒಂದು ಕುಡಿಕೆಯನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

"ಏನೋ ಇದು, ಮಂಜುಗಡ್ಡೆ ಆಗಿದೆ!"

"ನಾಲ್ಕು ಡಿಗ್ರಿ, ಮಾವ! ಸಾಸಲಿಂದ ಇಲ್ಲೀಗಂಟ ಬಾಗ್ಲು ತೆಗ್ದಿಲ್ಲ!"

ಮಾವ ಎಂದದ್ದಕ್ಕೆ ಅವರು ಬೈಯಲಿಲ್ಲ. ಬೆನ್ನು ತಟ್ಟಿ, "ಭಲೇ," ಎಂದರು. ಬಾಗಿಲ ಮರೆಯಿಂದ ಚೈತ್ರ ನಕ್ಕಳು. ಅಡುಗೆಯವರು ಅವನಿಗೊಂದು ಕುರ್ಚಿ ಹಾಕಿದರು. ಬೈರೇಶನ ಇಡೀ ಬಾಳಿನಲ್ಲಿ ಅಂಥ ಗಳಿಗೆ ಬಂದಿರಲಿಲ್ಲ.

ಎಲೆಗೊಂದರಂತೆ ಕುಡಿಕೆ ಇಟ್ಟರು. ಎಲ್ಲರ ಕಣ್ಣೂ ಅಪ್ಪಯ್ಯಣ್ಣನ ಮೇಲೆ. ಅವನು ಕಾಗದ ಬಿಚ್ಚಿದ, ಮೂಸಿದ. ಹುಳಿ ವಾಸನೆ ಇಲ್ಲ. ಅನ್ನದ ಮೇಲೆ ಸುರಿಯಲೆಂದು ಬಗ್ಗಿಸಿದವನು ಯಾಕೋ ತಡೆದು, ಎತ್ತಿ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡ.

"ಹಾಲು ಬೊಂಬಾಟಾಗಿದೆ ಕಣಪ್ಪಾ. ಮೊಸರೆಲ್ಲಿ?"

ಪಂಕ್ತಿಯ ತುಂಬ ಕಾಗದ ಬಿಚ್ಚಿದರು. ಎಲ್ಲ ಕುಡಿಕೆಯಲ್ಲೂ ಬೆಳ್ಳಗೆ, ತಣ್ಣಗೆ, ತೆಳ್ಳಗೆ ಹಾಲು.

ರಾಮಾಂಜಿನಪ್ಪನವರು ಮುತ್ತಮ್ಮನಿಗೆ ಫೋನ್ ಹಚ್ಚಿದರು. ಅವಳ ಕೂಗು ಛತ್ರಕ್ಕೆಲ್ಲ ಕೇಳಿಸಿತು. "ಗಾಡಿಗಿಡೋ ಮುಂಚೆ ತಾನೇ ಹೆಪ್ಪಾಕಿದ್ದು! ದಾರೀಲಿ ಬೆಚ್ಚಗೆ ಕೂತು, ಎಲೆ ಹಾಕೋ ಹೊತ್ಗೆ ಸರಿಯಾಗಿ ಮೊಸರಾಗ್ಬೇಕು, ಆಗ್ಲೇ ಹುಳಿ ಇಲ್ದಂಗೆ ಸಿಹಿಯಾಗಿರಾದು. ಮೆಷಿನ್ ಹಾಕ್ಬ್ಯಾಡ ಅಂತ ಹೇಳಕ್ಕೆ ಬೆಳಗಿಂದ ಫೋನ್ ಮಾಡೀ ಮಾಡೀ ನನ್ ಬೆರಳು ಸವೆದೋಯ್ತು! ಆ ಮುಂಡೇದು ಎತ್ತಿದ್ರೆ ತಾನೆ?"

ಎಲ್ಲರೂ ಬೈರೇಶನ ಕಡೆ ತಿರುಗಿದರು. ಅವನು ಕುರ್ಚಿಯಿಂದ ಮೆಲ್ಲಗೆ ಎದ್ದ. ಆದರೂ ಸೋತೆ ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ನೀವ್ ಹೇಳಿದ್ದು ಹುಳಿ ಬರಬಾರ್ದು ಅಂತ ತಾನೇ, ಮಾವ? ಒಂದ್ ಕುಡಿಕೆನೂ ಬಂದಿಲ್ಲ."

"ಹುಳಿ ಬರಕ್ಕೆ ಮೊದ್ಲು ಮೊಸರಾಗ್ಬೇಕಲ್ಲಪ್ಪಾ!" ಎಂದು ಅಬ್ಬರಿಸಿದರು ರಾಮಾಂಜಿನಪ್ಪ. "ಮಾವ ಅನ್ನಕ್ಕೆ ಮೊದ್ಲು ಮದ್ವೆ ಆಗ್ಬೇಕು!"