ಬೀರಪ್ಪ ಒಳಗೆ, ಗಂಟೆ ಹೊರಗೆ

ಪಾಠ ಮಾಡುವವರಲ್ಲಿ ಎರಡು ಬಗೆ. ಗಂಟೆ ಯಾವಾಗ ಹೊಡೆದೀತು ಎಂದು ಕಾಯುತ್ತ ಪಾಠ ಮಾಡುವವರು ಒಂದು, ಹೊಡೆದರೂ ನಿಲ್ಲಿಸದವರು ಇನ್ನೊಂದು. ನಾನು ಎರಡನೆಯವರ ಪೈಕಿ. ಬಡಾಯಿಗೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಬೀಳಗಿ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಸಿಂಧೂ ಕಣಿವೆಗೆ ಇಳಿದರೆ ದೀಪಾವಳಿ ಬಂದರೂ ಮೇಲೆ ಹತ್ತುವುದಿಲ್ಲ. ಅಲ್ಲಿನ ಚರಂಡಿಗಳ ವ್ಯವಸ್ಥೆಯೊಂದಕ್ಕೇ ನನಗೆ ಮೂರು ವಾರ ಬೇಕು. ಪರೀಕ್ಷೆ ಹತ್ತಿರ ಬಂದಾಗ ಗಾಬರಿಯಾಗಿ, ಎರಡು ತಾಸಿನಲ್ಲಿ ಬ್ರಿಟಿಷರನ್ನು ಬರಮಾಡಿಕೊಂಡು, ಅದೇ ಎರಡು ತಾಸಿನಲ್ಲಿ ಅವರನ್ನು ಕಳಿಸಿಯೂ ಬಿಡುತ್ತೇನೆ. ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತೇನೆ.

ಹೀಗೆ ನನ್ನ ಕೈಯಲ್ಲಿ ಕಲಿತವರಲ್ಲಿ ಬೀರಪ್ಪನೂ ಒಬ್ಬ. ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದ. ಅನಗವಾಡಿ ಕಡೆಯವನು, ಕುರಿ ಕಾಯುವ ಮನೆತನ. ಎಲ್ಲ ವಿಷಯಗಳಲ್ಲೂ ಪಾಸಾದ, ನನ್ನ ಇತಿಹಾಸದ ಒಂದು ಪತ್ರಿಕೆಯಲ್ಲಿ ಮಾತ್ರ ಡುಮ್ಕಿ. ಅಷ್ಟರಲ್ಲಿ ಅಣೆಕಟ್ಟಿನ ಹಿನ್ನೀರು ಬಂದು ಹೊಲ ಮುಳುಗಿತು, ಮನೆಯವರು ಕುರಿ ಮಾರಿದರು, ಬೀರಪ್ಪ ನಮ್ಮ ಕಾಲೇಜಿನಲ್ಲೇ ಸಿಪಾಯಿಯಾಗಿ ಸೇರಿಕೊಂಡ. ಅಂದಿನಿಂದ ಗಂಟೆ ಅವನದಾಯಿತು. ಬೇವಿನ ಮರಕ್ಕೆ ತೂಗುಹಾಕಿದ ಆ ಕಬ್ಬಿಣದ ತುಂಡು ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿ ಉಳಿದದ್ದು ಎಂದು ಅವನು ಹೇಳುತ್ತಾನೆ. ಪುರಾವೆ ಇಲ್ಲ. ಆದರೆ ಅವನು ಹೊಡೆದ ಗಂಟೆ ಕೇಳಿ ಬಸ್‌ಸ್ಟ್ಯಾಂಡಿನ ಹೋಟೆಲಿನವನು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ, ಓಣಿಯ ಹೆಂಗಸರು ರೊಟ್ಟಿಗೆ ಹಿಟ್ಟು ನಾದುತ್ತಿದ್ದರು.

ಅವನು ಪ್ರತಿ ವರ್ಷ ರಜೆ ಹಾಕಿ, ಜಮಖಂಡಿಗೆ ಹೋಗಿ ಆ ಒಂದು ಪತ್ರಿಕೆ ಬರೆದು ಬರುತ್ತಿದ್ದ. ಪ್ರತಿ ವರ್ಷ ನಪಾಸು. ಐದು ಪ್ರಶ್ನೆಗಳಿಗೆ ಉತ್ತರಿಸಬೇಕಾದಲ್ಲಿ ಮೊದಲನೆಯದಕ್ಕೇ ಇಪ್ಪತ್ತು ಪುಟ ಬರೆಯುತ್ತಿದ್ದ, ಅಷ್ಟರಲ್ಲಿ ಸಮಯ ಮುಗಿಯುತ್ತಿತ್ತು. "ಇಂವಾ ಯಾರ ವಿದ್ಯಾರ್ಥಿ ಅಂತ ಕೇಳೂದs ಬ್ಯಾಡ್ರಿ" ಎಂದು ನಮ್ಮ ಮರಾಠಿ ಮನೆಮಾತಿನ ಕುಲಕರ್ಣಿ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅಂದಿದ್ದರು. ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಹೀಗಿರುವಾಗ ನಮ್ಮ ಭಾಗಕ್ಕೆ ಹೊಸ ವಿಶ್ವವಿದ್ಯಾಲಯ ಬಂತು. ಕಾಲೇಜಿನ ಬೋರ್ಡಿನ ಮೇಲೆ ಪೇಂಟರ್ ಹಳೆಯ ವಿಶ್ವವಿದ್ಯಾಲಯದ ಹೆಸರಿಗೆ ಬಣ್ಣ ಬಳಿದು ಹೊಸದರ ಹೆಸರು ಬರೆದ. ಒಂದು ಮಳೆಗೆ ಬಣ್ಣ ಇಳಿದು ಎರಡೂ ಹೆಸರು ಕಾಣತೊಡಗಿ, ನಾವು ಎರಡು ವಿಶ್ವವಿದ್ಯಾಲಯಗಳ ಕಾಲೇಜಾಗಿ ಒಂದು ವರ್ಷ ಮೆರೆದೆವು. ಆ ವರ್ಷವೇ ಹಳೆಯ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಹಳೆಯ ಪಠ್ಯಕ್ರಮದವರಿಗೆ ಇದು ಕೊನೆಯ ಅವಕಾಶ, ಪರೀಕ್ಷಾ ಕೇಂದ್ರ ಅವರವರ ಕಾಲೇಜೇ. ನಮ್ಮಲ್ಲಿ ಅಂಥ ಪರೀಕ್ಷಾರ್ಥಿಗಳ ಒಟ್ಟು ಸಂಖ್ಯೆ ಒಂದು.

ಆ ಒಂದು ಬೀರಪ್ಪ. ಕಾಲೇಜಿನ ಗುಮಾಸ್ತರು ನಿವೃತ್ತರಾಗುವವರಿದ್ದರು. ಬಿ.ಎ. ಆದರೆ ಆ ಕುರ್ಚಿ ನಿನ್ನದೇ ಎಂದು ಆಡಳಿತ ಮಂಡಳಿಯವರು ಬೀರಪ್ಪನಿಗೆ ಮಾತು ಕೊಟ್ಟಿದ್ದರು. ಈ ಸಲ ತಪ್ಪಿದರೆ ಮುಗಿಯಿತು, ಅವನು ನಿವೃತ್ತನಾಗುವ ತನಕ ಗಂಟೆಯೇ ಗತಿ. ಆದರೆ ಅವನ ಚಿಂತೆ ಬೇರೆ ಇತ್ತು.

"ಸರ, ನಾ ಒಳಗ ಕುಂತ್ರ ಗಂಟಿ ಯಾರ ಹೊಡಿತಾರ್ರಿ?"

ಪ್ರಿನ್ಸಿಪಾಲರು ಸುತ್ತ ನೋಡಿದರು. ಅವರು ಮುಖ್ಯ ಅಧೀಕ್ಷಕರು, ಅವರಿಂದಾಗದು. ಕುಲಕರ್ಣಿ ಮೇಡಂ ಕೊಠಡಿ ಮೇಲ್ವಿಚಾರಕರು. ನನ್ನದೇ ವಿಷಯದ ಪರೀಕ್ಷೆಯಾದ್ದರಿಂದ ನಿಯಮದ ಪ್ರಕಾರ ನಾನು ಕೊಠಡಿಯ ಹತ್ತಿರವೂ ಸುಳಿಯುವಂತಿಲ್ಲ. "ಹಿರೇಮಠರ, ನೀವು ಖಾಲಿ ಅದೀರಲ್ಲ" ಎಂದರು. ಬೀರಪ್ಪ ನನ್ನನ್ನು ಮರದ ಕೆಳಗೆ ಕರೆದೊಯ್ದು ಪಾಠ ಹೇಳಿದ. ಮೊದಲ ಅರ್ಧ ತಾಸಿಗೆ ಒಂದು ಏಟು, ಒಂದು ತಾಸಿಗೆ ಎರಡು, ಹೀಗೆ ಅರ್ಧ ತಾಸಿಗೊಂದು ಏಟು ಹೆಚ್ಚಿಸುತ್ತ ಹೋಗಬೇಕು, ಮೂರು ತಾಸು ಆದಾಗ ಉದ್ದ ಗಂಟೆ. "ಕೈ ಸಡ್ಲ ಬಿಡಬ್ಯಾಡ್ರಿ ಸರ. ನಾ ವಾಚ್ ಕಟ್ಟೂದಿಲ್ಲ. ಗಂಟಿ ನಂಬಿ ಕುಂತಿರ್ತೀನಿ" ಎಂದ.

ಪರೀಕ್ಷೆಯ ದಿನ ಕರಿಹಲಗೆಯ ಮೇಲೆ ಆಸನ ವ್ಯವಸ್ಥೆ ಬರೆದೆವು: ಒಂದರಿಂದ ಒಂದರವರೆಗೆ, ಕೊಠಡಿ ಸಂಖ್ಯೆ ಒಂದು. ಇಬ್ಬರು ಪರೀಕ್ಷಾರ್ಥಿಗಳ ನಡುವೆ ಮೂರು ಅಡಿ ಅಂತರ ಇರಬೇಕೆಂಬ ನಿಯಮವನ್ನು ಹೇಗೆ ಪಾಲಿಸುವುದೆಂದು ಪ್ರಿನ್ಸಿಪಾಲರಿಗೆ ತಿಳಿಯಲಿಲ್ಲ. ಕಡೆಗೆ ಅವನ ಬೆಂಚನ್ನು ಗೋಡೆಯಿಂದ ಮೂರು ಅಡಿ ಸರಿಸಿದರು. ಬೆಂಚು ಸರಿಸಿದವನೂ ಬೀರಪ್ಪನೇ.

ಪರೀಕ್ಷೆ ಹತ್ತಕ್ಕೆ ಶುರುವಾಯಿತು. ಹತ್ತೂವರೆಗೆ ನಾನು ಸುತ್ತಿಗೆ ಎತ್ತಿದೆ. ಒಂದು ಏಟು ಸರಿಯಾಗಿಯೇ ಬಿತ್ತು. ಆದರೆ ಕಬ್ಬಿಣ ತೂಗಿ ಹಿಂದಕ್ಕೆ ಬಂದು, ಕೆಳಗಿಳಿಸದೆ ಹಿಡಿದಿದ್ದ ನನ್ನ ಸುತ್ತಿಗೆಗೇ ಬಡಿದು ಎರಡನೆಯದು ತಾನಾಗಿ ಹೊಡೆಯಿತು. ಹನ್ನೊಂದಕ್ಕೆ ಎಚ್ಚರದಿಂದ ಮೆಲ್ಲಗೆ ಎರಡು ಹೊಡೆದೆ. ಆಫೀಸಿನ ಒಳಗಿನಿಂದ ಪ್ರಿನ್ಸಿಪಾಲರು, "ಕೇಳಸ್ಲಿಲ್ರಿ ಹಿರೇಮಠರ, ಇನ್ನೊಮ್ಮೆ ಹೊಡೀರಿ!" ಎಂದು ಕೂಗಿದರು. ಜೋರಾಗಿ ಮತ್ತೆ ಎರಡು ಹೊಡೆದೆ. ಒಟ್ಟು ನಾಲ್ಕಾಯಿತು ಎಂಬ ಲೆಕ್ಕ ನನಗೆ ಹೊಳೆಯುವ ಮೊದಲೇ ಗೇಟಿನಲ್ಲಿ ಜೀಪು ನಿಂತಿತು.

ಸ್ಕ್ವಾಡ್! ಜಮಖಂಡಿಯಿಂದ ಮೂವರು ಬಂದಿದ್ದರು, ಒಬ್ಬ ಪರೀಕ್ಷಾರ್ಥಿಯ ನಕಲು ಹಿಡಿಯಲು. ಬಾಗಿಲಲ್ಲಿ ಸಾಲಾಗಿ ನಿಂತು ಬೀರಪ್ಪನನ್ನು ದಿಟ್ಟಿಸಿ ನೋಡಿ, ಆಫೀಸಿಗೆ ಬಂದು ಕೂತರು. "ಚಹಾ ತರಾಕ ಸಿಪಾಯಿ ಇಲ್ಲೇನ್ರಿ?" ಎಂದು ಒಬ್ಬರು ಕೇಳಿದರು. "ಅದಾನ್ರಿ. ಪರೀಕ್ಷಾ ಬರಿಯಾಕತ್ತಾನ" ಎಂದರು ಪ್ರಿನ್ಸಿಪಾಲರು. ಹೀಗಾಗಿ ಚಹಾ ತಂದವನೂ ನಾನೇ. ಚಹಾ ತಂದಿಟ್ಟು ಮರದ ಕೆಳಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಆ ಮೂವರಲ್ಲಿ ಒಬ್ಬರು ಇತಿಹಾಸದವರು. ಸಿಂಧೂ ಕಣಿವೆಯ ಚರಂಡಿಗಳ ಬಗ್ಗೆ ಅವರಿಗೆ ತಪ್ಪು ತಿಳಿವಳಿಕೆ ಇತ್ತು. ಅದನ್ನು ತಿದ್ದದೆ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ.

"ಅಯ್ಯ ದೇವರs, ಒಂದ ಹೊಡಿಯಾಕ ಬಂತಲ್ರೀ!" ಎಂದು ಕುಲಕರ್ಣಿ ಮೇಡಂ ಓಡಿಬಂದಾಗಲೇ ನನಗೆ ಗಂಟೆಯ ನೆನಪಾದದ್ದು. ನಡುವೆ ಮೂರು ಸಲದ ಗಂಟೆ ನುಂಗಿಬಿಟ್ಟಿದ್ದೆ. ಓಡಿಹೋಗಿ ಉದ್ದ ಗಂಟೆ ಬಾರಿಸಿದೆ. ಇಷ್ಟು ವರ್ಷ ಪಾಠ ಮುಗಿಸದೆ ಅವನನ್ನು ಕೆಡಿಸಿದ್ದು ಸಾಲದೆ, ಕೊನೆಯ ಅವಕಾಶವನ್ನೂ ಹಾಳುಮಾಡಿದೆ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಳಗೆ ನಡೆದದ್ದನ್ನು ಮೇಡಂ ಆಮೇಲೆ ಹೇಳಿದರು. ಬರೆಯುವುದರಲ್ಲಿ ಮುಳುಗಿದ್ದ ಬೀರಪ್ಪ ಪ್ರಿನ್ಸಿಪಾಲರ ಕೂಗು ಕೇಳಿಸಿಕೊಳ್ಳದೆ, ನಾಲ್ಕು ಏಟು ಎಣಿಸಿ ಬೆಚ್ಚಿಬಿದ್ದನಂತೆ. ಎರಡು ತಾಸು ಹೋಯಿತು, ಇನ್ನೂ ಮೊದಲ ಪ್ರಶ್ನೆಯಲ್ಲೇ ಇದ್ದೇನೆ ಎಂದುಕೊಂಡು, ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎರಡಕ್ಕೆ ಹಾರಿದನಂತೆ, ಅಲ್ಲಿಂದ ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ. ಮೇಡಂಗೆ ಅವನ ಗಾಬರಿ ಕಂಡಿತ್ತು. ಆದರೆ ಪರೀಕ್ಷಾರ್ಥಿಯೊಡನೆ ಮಾತಾಡಬಾರದೆಂಬ ನಿಯಮ ಮುರಿಯುವವರಲ್ಲ ಅವರು. ಉದ್ದ ಗಂಟೆ ಈಗ ಹೊಡೆದಾರು, ಈಗ ಹೊಡೆದಾರು ಎಂಬ ಹೆದರಿಕೆಯಲ್ಲೇ ಬೀರಪ್ಪ ಜೀವನದಲ್ಲಿ ಮೊದಲ ಸಲ ಪತ್ರಿಕೆ ಪೂರ್ತಿ ಮುಗಿಸಿ, ಕೊನೆಯ ಮುಕ್ಕಾಲು ತಾಸು ಕೈಕಟ್ಟಿ ಕೂತು, "ಸರ ಎಲ್ಲಿ ಹೋದರೋ ಏನೋ" ಎಂದು ಕಿಟಕಿಯತ್ತ ನೋಡುತ್ತಿದ್ದನಂತೆ.

ಬೀರಪ್ಪ ಪಾಸಾದ. ಕಾಲೇಜಿಗೆಲ್ಲ ಪೇಢೆ ಹಂಚಿದ. ನನಗೆ ಎರಡು ಕೊಟ್ಟು, "ನಿಮ್ಮಿಂದನs ಆತ್ರಿ ಸರ" ಎಂದು ಕಾಲು ಮುಟ್ಟಿದ. ನನ್ನ ಪಾಠದಿಂದಲೋ ನನ್ನ ಗಂಟೆಯಿಂದಲೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ಗುಮಾಸ್ತನ ಕುರ್ಚಿಗೆ ಹೋದ ಮೇಲೆ ಸಿಪಾಯಿ ಜಾಗ ಖಾಲಿ ಬಿತ್ತು. ಇವತ್ತಿಗೂ ತುಂಬಿಲ್ಲ. "ಅನುಭವ ಇದ್ದವರಂದ್ರ ನೀವೊಬ್ರs" ಎಂದು ಪ್ರಿನ್ಸಿಪಾಲರು ಗಂಟೆಯನ್ನು ನನಗೇ ಒಪ್ಪಿಸಿದರು. ಈಗ ಕಾಲೇಜಿನಲ್ಲಿ ಯಾವ ಪಿರಿಯಡ್ಡೂ ಹೊತ್ತಿಗೆ ಮುಗಿಯುವುದಿಲ್ಲ. ಹೋಟೆಲಿನವನು ಕೋಪಗೊಂಡು ಮೊಬೈಲು ಕೊಂಡಿದ್ದಾನೆ.

ಇವತ್ತು ಬೆಳಿಗ್ಗೆ ಬೀರಪ್ಪ ನನ್ನ ಮುಂದೆ ಪ್ರಿನ್ಸಿಪಾಲರ ನೋಟೀಸೊಂದನ್ನು ಇಟ್ಟು ಸಹಿ ಹಾಕಿಸಿಕೊಂಡ. ಗಂಟೆ ತಡವಾಗುತ್ತಿರುವ ಬಗ್ಗೆ ಮೂರು ಅಂಶಗಳಿಗೆ ಈ ಪಿರಿಯಡ್ಡು ಮುಗಿಯುವುದರೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು ಎಂದಿತ್ತು. ನಾನು ಕೂತು ಮೊದಲ ಅಂಶಕ್ಕೆ ಉತ್ತರ ಬರೆಯತೊಡಗಿದೆ. ಮನುಷ್ಯನಿಗೆ ಕಾಲದ ಅರಿವು ಹೇಗೆ ಬಂತು ಎಂಬಲ್ಲಿಂದ ಹಿಡಿಯುವುದು ಒಳ್ಳೆಯದೆನಿಸಿತು. ಒಂಬತ್ತನೆಯ ಪುಟದಲ್ಲಿದ್ದಾಗ ಬೀರಪ್ಪ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸರ, ಒಂದನೇದು ಅಷ್ಟಕ್ಕs ಬಿಡ್ರಿ. ಎರಡು, ಮೂರು ಬರೀರಿ. ಪಾಸ್ ಆಗಬೇಕಂದ್ರ ಎಲ್ಲಾ ಮುಟ್ಟಬೇಕ್ರಿ" ಎಂದ.

"ಇನ್ನೂ ಗಂಟೆ ಹೊಡೆದಿಲ್ಲವಲ್ಲೋ" ಎಂದೆ, ತಲೆಯೆತ್ತದೆ.

ಅವನು ಮೂಲೆಯಲ್ಲಿದ್ದ ಸುತ್ತಿಗೆಯನ್ನು ತಂದು ನನ್ನ ಒಂಬತ್ತು ಪುಟಗಳ ಮೇಲೆ ಮೆಲ್ಲಗೆ ಇಟ್ಟ.