ಸಿಮ್ ಆಫ್ ಮಾಡಿ

ಅಂದಿನ ರಾಮಾಯಣಕ್ಕೆಲ್ಲ ಕಾರಣ, ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟುತ್ತಾ ಹೊಸ್ತಿಲಾಚೆಯಿಂದ ಹೇಳಿದ ಒಂದು ಮಾತು.

"ರೀ, ಆ ಸಿಮ್ ಆಫ್ ಮಾಡಿ, ಮರೀಬೇಡಿ."

ಮೇಷ್ಟ್ರು ಕೆನ್ನೆಗೆ ಸೋಪು ಮೆತ್ತಿಕೊಂಡಿದ್ದರು, ಹೂಂ ಎಂದರು. ಇವರು ಪಾಠ ಹೇಳುವುದು ಶಾಲೆಯಲ್ಲಲ್ಲ, ಗ್ಯಾಸ್ ಒಲೆ ಮಾರುವ ಅಂಗಡಿಯಲ್ಲಿ. ಕೊಳ್ಳಲು ಬಂದವರ ಎದುರು ಒಲೆ ಹಚ್ಚಿ, ಹಾಲು ಕಾಯಿಸಿ, ಎಂಥ ಪಾತ್ರೆ ಇಡಬೇಕು, ಎಂಥದ್ದು ಕೂಡದು ಎಂದು ತಿಳಿಹೇಳುವ ಕೆಲಸ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಮನೆಯ ಒಲೆಯ ಹತ್ತಿರ ಮಾತ್ರ ಅವರು ಸುಳಿದವರಲ್ಲ. ಆದ್ದರಿಂದ ಸಿಮ್ ಎಂದೊಡನೆ ಅವರಿಗೆ ನೆನಪಾದದ್ದು ಫೋನು. ಅಂಗಡಿಯವರು ಕೊಟ್ಟ ಎರಡನೇ ಸಿಮ್ಮಿಗೆ ಗಿರಾಕಿಗಳು ಹೊತ್ತುಗೊತ್ತಿಲ್ಲದೆ ಫೋನ್ ಮಾಡಿ ಹೆಂಡತಿಯ ನಿದ್ದೆ ಕೆಡಿಸುತ್ತಿದ್ದರು. ಮೇಷ್ಟ್ರು ಅದನ್ನು ಆಫ್ ಮಾಡಿ, ಮನೆಗೆ ಬೀಗ ಹಾಕಿ ಹೊರಟರು.

ಯಜಮಾನರು ಸರಕು ತರಲು ಹೋಗಿದ್ದರು, ಅಂಗಡಿಯಲ್ಲಿ ಮೇಷ್ಟ್ರೊಬ್ಬರೇ. ಮಧ್ಯಾಹ್ನದ ಹೊತ್ತಿಗೆ ಒಬ್ಬಾಕೆ ತಮ್ಮ ಮನೆಯ ಪಾತ್ರೆಯನ್ನೇ ಟವೆಲಿನಲ್ಲಿ ಸುತ್ತಿಕೊಂಡು ಬಂದು, ಇದು ಕೂರುವಂಥ ಒಲೆ ಕೊಡಿ ಎಂದು ಹಟ ಹಿಡಿದರು. ಅದರ ತಳ ಬೋಳುತಲೆಯ ಹಾಗೆ ಗುಂಡಗಿತ್ತು. ಮೇಷ್ಟ್ರು ಅದನ್ನು ಬದಿಗಿಟ್ಟು, ಅಂಗಡಿಯ ಪಾತ್ರೆಯಲ್ಲೇ ಹಾಲಿಟ್ಟು ಪಾಠ ಶುರುಮಾಡಿದರು.

"ಗುಂಡು ತಳ ಓಲಾಡತ್ತೆ ಅಮ್ಮಾ, ಚಪ್ಪಟೆ ತಳ ಇರ್ಬೇಕು. ಉರಿ ಪಾತ್ರೆ ಅಂಚು ದಾಟಿ ಮೇಲೆ ಬರಬಾರ್ದು. ಹಾಲು ಉಕ್ಕೋ ಹೊತ್ತಿಗೆ ಹೀಗೆ ಸಿಮ್ ಮಾಡಿ."

ಹಾಗೆಂದು ಗುಂಡಿ ತಿರುಗಿಸಿದ ಕೈ ಅಲ್ಲೇ ನಿಂತಿತು. ಸಿಮ್. ಅಯ್ಯೋ, ಅವಳು ಹೇಳಿದ್ದು ಈ ಸಿಮ್ಮೇ ಇರಬೇಕು. ಹಾಲು ಒಲೆಯ ಮೇಲಿಟ್ಟು ಹೋಗಿದ್ದಾಳೆ.

ಬೇರೆಯವರಾಗಿದ್ದರೆ ಹಾಲು ಹೋಯಿತು ಎಂದು ಸುಮ್ಮನಾಗುತ್ತಿದ್ದರೇನೋ. ಇವರಿಗೆ ಮುಂದಿನದೆಲ್ಲ ಬಾಯಿಪಾಠ: ಹಾಲು ಉಕ್ಕುತ್ತದೆ, ಉರಿ ನಂದುತ್ತದೆ, ಗ್ಯಾಸು ಹರಿಯುತ್ತದೆ, ಯಾರೋ ಒಬ್ಬರು ಸ್ವಿಚ್ ಒತ್ತುತ್ತಾರೆ. ಊರಿಗೆಲ್ಲ ಹೇಳಿ ಹೇಳಿ ಬೆಳೆಸಿದ ಭಯ ಈಗ ಒಟ್ಟಿಗೇ ಅವರ ಮೇಲೇ ಎರಗಿತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವ ಹಾಗಿಲ್ಲ. ಮಹಡಿ ಮನೆಯ ನಿವೃತ್ತ ಹವಾಲ್ದಾರರಿಗೆ ಫೋನ್ ಮಾಡಿ, ಕೆಳಗೆ ಗ್ಯಾಸಿನ ವಾಸನೆ ಇದೆಯೇ ನೋಡುತ್ತೀರಾ ಎಂದು ಕೇಳಿದರು. ಹಾಗೆ ಕೇಳಿದರೆ ಯಾರ ಮೂಗಿಗೆ ತಾನೇ ವಾಸನೆ ಬಾರದು? ಹವಾಲ್ದಾರರ ಹೆಂಡತಿಗಂತೂ ತಕ್ಷಣವೇ ಬಂತು.

"ನೀನು ಹೆದರಬೇಡಪ್ಪ, ನಾನಿದ್ದೀನಿ" ಎಂದರು ಹವಾಲ್ದಾರರು. ಮೇಷ್ಟ್ರಿಗೆ ಇನ್ನೂ ಹೆದರಿಕೆಯಾಯಿತು. ಪಾತ್ರೆಯಾಕೆಯನ್ನು ಕೈಮುಗಿದು ಹೊರಗೆ ಕಳಿಸಿ, ಶಟರ್ ಎಳೆದು ಬೀಗ ಜಡಿದು, ಸಿಕ್ಕ ಆಟೋ ಹತ್ತಿದರು. ದಾರಿಯುದ್ದಕ್ಕೂ ಮನೆಯ ದಿಕ್ಕಿನ ಆಕಾಶವನ್ನೇ ನೋಡುತ್ತಿದ್ದರು. ಯಾರದೋ ಹಂಡೆಯ ಹೊಗೆ ಕಂಡರೂ ಕಣ್ಣಲ್ಲಿ ನೀರು ಬರುತ್ತಿತ್ತು.

ಬೀದಿ ಪೂರ್ತಿ ಮನೆ ಮುಂದಿತ್ತು. ಹವಾಲ್ದಾರರು ಹಾರೆಯಿಂದ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತಿದ್ದರು. ಸಿಲಿಂಡರು ರಸ್ತೆಗೆ ಬಂದು ನಿಂತಿತ್ತು. ಒಲೆಯ ಮೇಲೆ ಯಾರೋ ಮೂರು ಬಕೆಟ್ ನೀರು ಸುರಿದಿದ್ದರು, ಅಕ್ಕಿಬೇಳೆ ಡಬ್ಬಗಳು ನೀರಿನಲ್ಲಿ ನೆನೆಯುತ್ತಿದ್ದವು. ಒಲೆ ಮಾತ್ರ ಹಿಂದಿನ ದಿನದಿಂದಲೂ ಹಚ್ಚಿಲ್ಲವೇನೋ ಎಂಬಷ್ಟು ತಣ್ಣಗಿತ್ತು. ಬೆಂಕಿ ಇಲ್ಲವೆಂದು ತಿಳಿದ ಜನ, ಊಟಕ್ಕೆ ಕರೆದು ಎಲೆ ಹಾಕದವರನ್ನು ನೋಡುವಂತೆ ಮೇಷ್ಟ್ರನ್ನು ನೋಡಿದರು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಹೆಂಡತಿಯೂ ಓಡಿಬಂದಳು. ಗಂಡ ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿ, ಬಾಗಿಲಿಲ್ಲದ ಬಾಗಿಲಿಗೆ ಒರಗಿ ನಿಂತಳು.

"ಹಾಲು ಕಾಯಿಸಿ, ಒಲೆ ಆರಿಸಿ, ರೆಗ್ಯುಲೇಟರೂ ಮುಚ್ಚಿ ಹೋಗಿದ್ದೆ. ನಾನು ಹೇಳಿದ್ದು ಫೋನಿನ ಸಿಮ್ಮು ಕಣ್ರೀ. ಅದೂ ರಾತ್ರಿ ಮಲಗೋವಾಗ. ಅಂಗಡಿ ಸಿಮ್ಮನ್ನ ಅಂಗಡಿಗೆ ಹೋಗೋವಾಗ ಯಾರಾದ್ರೂ ಆಫ್ ಮಾಡ್ತಾರಾ?"

ಬಾಗಿಲು ಹೋದರೆ ಹೋಯಿತು, ಮನೆ ಉಳಿಯಿತಲ್ಲ ಎಂದು ಮೇಷ್ಟ್ರಿಗೆ ಜೀವ ಬಂದಂತಾಯಿತು. ಹೆಂಡತಿಯ ಎದುರೇ ವಿಧೇಯರಾಗಿ ಆ ಸಿಮ್ಮನ್ನು ಆನ್ ಮಾಡಿದರು. ಮಾಡಿದ ಕೂಡಲೇ ಅದು ಬಡಿದುಕೊಂಡಿತು. ಅಂಗಡಿ ಪಕ್ಕದ ದರ್ಜಿ.

"ಎಲ್ಲಿದ್ದೀರಿ ಮೇಷ್ಟ್ರೇ? ಆಗಿನಿಂದ ಮಾಡ್ತಿದ್ದೀನಿ, ಬರೀ ಸ್ವಿಚ್ ಆಫ್. ನಿಮ್ಮ ಶಟರ್ ಕೆಳಗಿಂದ ಸೀದ ಹಾಲಿನ ಹೊಗೆ ಬರ್ತಿದೆ."

ಮೇಷ್ಟ್ರು ಸಿಮ್ ಮಾಡಿದ್ದರು. ಆಫ್ ಮಾಡಿರಲಿಲ್ಲ.

"ಬೀಗದ ಕೈ ನನ್ನ ಹತ್ರಾನೇ ಇದೆ ಸಾರ್" ಎಂದು ಅವರು ಹೇಳುವಷ್ಟರಲ್ಲಿ ಹವಾಲ್ದಾರರು ಹಾರೆಯನ್ನು ಹೆಗಲಿಗೇರಿಸಿ ಆಟೋದಲ್ಲಿ ಕೂತಾಗಿತ್ತು.